ಅಪ್‌ಡೇಟ್ ಹಾಕಿದ ಮೇಲೂ ಕೆಲಸ ಬಾಕಿ ಇರುತ್ತದೆ

ಸರ್ವರ್‌ಗಳು ಇಂಟರ್ನೆಟ್ ಸಂಪರ್ಕವನ್ನು ಗೂಢಲಿಪಿಯಲ್ಲಿಡಲು ಬಳಸುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್. ಅದರ 3.0.7 ಆವೃತ್ತಿ ಬಂದದ್ದು 2022ರ ನವೆಂಬರ್ 1ರಂದು. ಬೆಂಗಳೂರಿಗೆ ರಾಜ್ಯೋತ್ಸವದ ರಜೆ. ಕ್ರಿಟಿಕಲ್ ದೋಷವೊಂದಕ್ಕೆ ಪರಿಹಾರ ಬರುತ್ತದೆ ಎಂದು ಒಂದು ವಾರ ಮುಂಚೆಯೇ ಹೇಳಿದ್ದರು. ಜಯನಗರದ ಒಂದು ಸಣ್ಣ ಬಿಲ್ಲಿಂಗ್ ಕಂಪನಿಯ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಹಾಗಾಗಿ ಸಂಜೆ ಎಲ್ಲೂ ಹೋಗದೆ ಮನೆಯಲ್ಲೇ ಇದ್ದೆ.

ಹಗಲಲ್ಲೇ ಯಾವ ಸರ್ವರ್‌ನಲ್ಲಿ ಯಾವ ಆವೃತ್ತಿ ಇದೆ ಅಂತ ಪಟ್ಟಿ ಮಾಡಿಟ್ಟಿದ್ದೆ. ದೋಷ ಇದ್ದದ್ದು 3.0ರಲ್ಲಿ ಮಾತ್ರ. ನಮ್ಮ ಸರ್ವರ್‌ಗಳ ಆಪರೇಟಿಂಗ್ ಸಿಸ್ಟಮ್ ಉಬುಂಟು. ಅದರ 20.04 ಇದ್ದವುಗಳಲ್ಲಿ ಓಪನ್‌ಎಸ್‌ಎಸ್‌ಎಲ್ 1.1.1 ಇತ್ತು, ಅವುಗಳ ತಂಟೆಗೆ ಹೋಗಬೇಕಿರಲಿಲ್ಲ. 22.04 ಇದ್ದವಷ್ಟೇ ಉಳಿದವು.

ಬಿಡುಗಡೆಯ ಹೊತ್ತಿಗೆ ಅದನ್ನು 'ಕ್ರಿಟಿಕಲ್'ನಿಂದ 'ಹೈ'ಗೆ ಇಳಿಸಿದ್ದರು. ಸಂಪರ್ಕದ ಆಚೆ ಬದಿಯ ಗುರುತು ತೋರಿಸುವ ಸರ್ಟಿಫಿಕೇಟ್‌ನಲ್ಲಿರುವ ಇಮೇಲ್ ವಿಳಾಸ ಪರಿಶೀಲಿಸುವಾಗ ಮೆಮೊರಿಯ ಗಡಿ ದಾಟಿ ಬರೆಯುವ ದೋಷ ಅದು. ಇಳಿಸಿದರು ಅಂತ ಸುಮ್ನೆ ಬಿಡೋಕಾಗಲ್ಲ ಅಲ್ವಾ? ಪ್ಯಾಕೇಜ್ ಬಂದ ಕೂಡಲೇ ಹಾಕಿದೆ.

ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಅಪ್‌ಡೇಟ್ ಆದ ಮೇಲೂ ಓಪನ್‌ಎಸ್‌ಎಸ್‌ಎಲ್ ಆವೃತ್ತಿ 3.0.2 ಅಂತಲೇ ಉಬುಂಟು ತೋರಿಸುತ್ತದೆ. ಅದು 3.0.7 ತರುವುದಿಲ್ಲ, ಹಳೆಯದಕ್ಕೇ ತಿದ್ದುಪಡಿ ಸೇರಿಸುತ್ತದೆ. ಪ್ಯಾಕೇಜಿನ ಪೂರ್ತಿ ಸಂಖ್ಯೆ ನೋಡಬೇಕು. ಅವತ್ತು ಅದು 3.0.2-0ಉಬುಂಟು1.7.

ಇಷ್ಟಕ್ಕೇ ನಿಲ್ಲಿಸುವವರು ಜಾಸ್ತಿ. ನನಗೆ ಇದೇ ಬೇಜಾರು. ಡಿಸ್ಕ್‌ನಲ್ಲಿ ಫೈಲ್ ಬದಲಾದರೂ, ಓಡುತ್ತಿರುವ ವೆಬ್ ಸರ್ವರ್ ಪ್ರೋಗ್ರಾಂ ಎನ್‌ಜಿನ್‌ಎಕ್ಸ್ ಮೆಮೊರಿಯಲ್ಲಿ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಯಾವ ಪ್ರೋಗ್ರಾಂ ಯಾವ ಫೈಲ್ ಬಳಸುತ್ತಿದೆ ಅಂತ ತೋರಿಸುವ ಎಲ್‌ಎಸ್‌ಒಎಫ್ ಓಡಿಸಿ, ಓಪನ್‌ಎಸ್‌ಎಸ್‌ಎಲ್‌ನ ಫೈಲ್‌ಗಳಾದ ಲಿಬ್‌ಎಸ್‌ಎಸ್‌ಎಲ್, ಲಿಬ್‌ಕ್ರಿಪ್ಟೊ ಹುಡುಕಿದೆ. ಆ ಸಾಲುಗಳಲ್ಲಿ 'ಡಿಇಎಲ್' ಅಂತ ಇತ್ತು. ಅಂದರೆ ಫೈಲ್ ಅಳಿಸಿಹೋಗಿದೆ, ಪ್ರೋಗ್ರಾಂ ಇನ್ನೂ ಅದನ್ನೇ ಬಳಸುತ್ತಿದೆ. ಎನ್‌ಜಿನ್‌ಎಕ್ಸ್‌ಗೆ ರೀಲೋಡ್ (ನಿಲ್ಲಿಸದೆ ಸೆಟ್ಟಿಂಗ್ ಮತ್ತೆ ಓದಿಸುವುದು) ಕೊಟ್ಟರೆ ಸಾಲದು. ಮಾಸ್ಟರ್ ಪ್ರೋಸೆಸ್ ಹಳೆಯದೇ ಇರುತ್ತದೆ, ಅದರಿಂದ ಹುಟ್ಟುವ ವರ್ಕರ್‌ಗಳಿಗೂ ಹಳೆಯ ಲೈಬ್ರರಿಯೇ ಸಿಗುತ್ತದೆ. ರೀಸ್ಟಾರ್ಟ್ ಮಾಡಲೇಬೇಕು.

ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ಗೂ ಅದೇ. ಮ್ಯಾನೇಜರ್‌ಗೆ ಫೋನ್ ಮಾಡಿದೆ.

"ಡೇಟಾಬೇಸ್ ಈಗಲೇ ನಿಲ್ಲಿಸಬೇಕೇನ್ರೀ?"

"ಸ್ವಲ್ಪ ಹೊತ್ತು ಸಾರ್. ರಜೆ ದಿನ, ಯಾರೂ ಬಿಲ್ ಹಾಕ್ತಿಲ್ಲ."

ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ರೀಸ್ಟಾರ್ಟ್ ಮಾಡುವಾಗ ಹಳೆಯ ಕಿಟಕಿ ಮುಚ್ಚಬೇಡಿ. ಇನ್ನೊಂದು ಕಿಟಕಿಯಿಂದ ಲಾಗಿನ್ ಆಗುತ್ತದೆಯೇ ನೋಡಿಕೊಳ್ಳಿ. ಕೊನೆಗೆ ಮತ್ತೆ ಎಲ್‌ಎಸ್‌ಒಎಫ್. ಏನೂ ಸಿಗದಿದ್ದರೆ ಆಯಿತು.

2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲೇ ಸಿಕ್ಕ ಹಾರ್ಟ್‌ಬ್ಲೀಡ್ ದೋಷಕ್ಕೆ ಇದೂ ಸಾಲುತ್ತಿರಲಿಲ್ಲ. ಒಂದೊಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಸರ್ವರ್ ಮೆಮೊರಿ ಓದಬಹುದಿತ್ತು, ಅದರಲ್ಲಿ ಖಾಸಗಿ ಕೀ ಕೂಡ ಸಿಗಬಹುದಿತ್ತು. ಹಾಗಾಗಿ ಕೀ, ಸರ್ಟಿಫಿಕೇಟ್ ಎರಡನ್ನೂ ಬದಲಿಸಬೇಕಿತ್ತು.

ಈಗ ನಮ್ಮಲ್ಲಿ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ತಾನಾಗಿಯೇ ಪ್ಯಾಕೇಜ್ ಹಾಕುತ್ತದೆ. ಯಾವುದಕ್ಕೆ ರೀಸ್ಟಾರ್ಟ್ ಬೇಕು ಅಂತ ನೀಡ್‌ರೀಸ್ಟಾರ್ಟ್ ಹೇಳುತ್ತದೆ. ಡೇಟಾಬೇಸನ್ನು ಮಾತ್ರ ರಾತ್ರಿ ಬಿಲ್ಲಿಂಗ್ ಮುಗಿದ ಮೇಲೆ ನಾನೇ ರೀಸ್ಟಾರ್ಟ್ ಮಾಡುತ್ತೇನೆ.