ಟೊಂಗನ್ ಪದಗಳಿಗೆ ನಾನು ಚೀಟಿ ಬರೆದ ಬಗೆ

ಪೆಸಿಫಿಕ್ ಸಾಗರದ ದ್ವೀಪದೇಶ ಟೊಂಗಾದ ನುಡಿಯಾದ ಟೊಂಗನ್ ಭಾಷೆಯನ್ನು ನಾನು ಕಲಿತದ್ದು ಭಾಷಾವಿದ್ವಾಂಸ ಚರ್ಚ್‌ವರ್ಡ್ ಅವರ 1953ರ ವ್ಯಾಕರಣವನ್ನು ಮುಂದಿಟ್ಟುಕೊಂಡು, ಪದಕ್ಕೊಂದು ಚೀಟಿ ಬರೆಯುತ್ತಾ. ಚೀಟಿಯ ಮೂಲೆಯಲ್ಲಿ ‘ನಾಮಪದ’, ‘ಕ್ರಿಯಾಪದ’ ಎಂದು ಗುರುತು ಹಾಕುವುದನ್ನು ಬೇಗನೆ ಕೈಬಿಟ್ಟೆ. ಪದದ ಹಿಂದೆಮುಂದೆ ಯಾವ ಪುಟ್ಟ ಪದಗಳು ನಿಲ್ಲುತ್ತವೆ ಎಂಬುದನ್ನಷ್ಟೇ ಬರೆಯತೊಡಗಿದೆ.

ಅದಕ್ಕೆ ಕಾರಣವಾದ ಜೋಡಿ ಇದು: ‘ನ'ಎ ಲೆಲೆ ಎ ಕೌ ಫೆಫಿನೆ’ ಎಂದರೆ ಹೆಂಗಸರು ಓಡುತ್ತಿದ್ದರು, ‘ನ'ಎ ಫೆಫಿನೆ ಕೊತೊಅ ಎ ಕೌ ಲೆಲೆ’ ಎಂದರೆ ಓಡುತ್ತಿದ್ದವರೆಲ್ಲ ಹೆಂಗಸರು. ‘ನ'ಎ’ ಭೂತಕಾಲವನ್ನೂ ‘ಎ’ ನಿರ್ದಿಷ್ಟತೆಯನ್ನೂ ‘ಕೌ’ ಜನರ ಗುಂಪನ್ನೂ ಸೂಚಿಸುತ್ತವೆ. ‘ಕೊತೊಅ’ ಎಂದರೆ ಎಲ್ಲ. ಓಟದ ‘ಲೆಲೆ’, ಹೆಂಗಸಿನ ‘ಫೆಫಿನೆ’ ಪರಸ್ಪರ ಜಾಗ ಬಿಟ್ಟುಕೊಟ್ಟಿವೆ, ಪ್ರತ್ಯಯದ ಗೊಡವೆಯಿಲ್ಲ. ಕನ್ನಡದಲ್ಲಾದರೆ ‘ಓಡು’ ಎಂಬುದು ‘ಓಡುವವರು’ ಆಗದೆ ಆ ಜಾಗಕ್ಕೆ ಬರಲಾರದು. ‘ಹೆಂಗಸು’ ಕಾಲಪ್ರತ್ಯಯವನ್ನು ಹತ್ತಿರಕ್ಕೂ ಸೇರಿಸದು.

ಆದರೆ ಚೀಟಿಗಳು ಹೆಚ್ಚಿದಂತೆ ಬಹುಪಾಲು ಪದಗಳು ಎರಡೂ ಕಡೆ ಸಲ್ಲುತ್ತಿದ್ದವು. ಎಲ್ಲದಕ್ಕೂ ಒಂದೇ ಗುರುತು ಬಿದ್ದರೆ ವರ್ಗೀಕರಣದಿಂದ ಪ್ರಯೋಜನವೇನು? ಹಾಗಾಗಿ ಪ್ರತಿ ಜಾಗದಲ್ಲೂ ಹೊರಡುವ ಅರ್ಥವನ್ನು ಬರೆದುಕೊಂಡೆ. ‘'ಒಕು’ ವರ್ತಮಾನಕಾಲದ ಗುರುತು, ‘ಸಿಒನೆ’ ಒಬ್ಬನ ಹೆಸರು: ‘'ಒಕು ಫೈಅಕೊ 'ಅ ಸಿಒನೆ’ ಎಂದರೆ ಸಿಒನೆ ಮೇಷ್ಟರಿಕೆ ಮಾಡುತ್ತಾನೆ. ‘ಕೊ ಎ ಫೈಅಕೊ 'ಅ ಸಿಒನೆ’ ಎಂದರೆ ಅವನು ಮೇಷ್ಟರು. ‘ಲೆಲೆ’ಯ ಹಿಂದೆ ‘ಎ’ ಮಾತ್ರ ಇದ್ದರೆ ಓಟ, ‘ಕೌ’ ಸೇರಿದರೆ ಓಡುವವರು. ‘ಫೆಫಿನೆ’ ಅಲ್ಲೇ ನಿಂತರೆ ಮೊದಲು ಹೊಳೆಯುವುದು ವ್ಯಕ್ತಿಯೇ. ಟೊಂಗನ್‌ನಲ್ಲಿ ನಾಮ-ಕ್ರಿಯೆಗಳ ಭೇದವೇ ಇಲ್ಲ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ. ಜಾಗ ಎಲ್ಲರಿಗೂ ಮುಕ್ತ, ನಿಜ. ಅಲ್ಲಿ ಕುಳಿತ ಮೇಲೆ ಏನಾಗುತ್ತದೆ ಎಂಬುದು ಆಯಾ ಪದದ ಸ್ವಭಾವ. ನಿಘಂಟು ಅದನ್ನು ಹೇಳಲೇಬೇಕು.

ಹೆಚ್ಚು ಸಮಯ ಹಿಡಿದದ್ದು ಷಷ್ಠಿಯ ಅಂಕಣ. ‘ನನ್ನ’ ಎನ್ನಲು ಟೊಂಗನ್‌ನಲ್ಲಿ ಎರಡು ಬಗೆಯ ರೂಪಗಳಿವೆ: ‘'ಎಕು’ ಒಂದು, ‘ಹೊಕು’ ಇನ್ನೊಂದು. ‘ತಕಿ’ ಎಂದರೆ ಮುನ್ನಡೆಸು. ‘'ಎಕು ತಕಿ’ ಎಂದರೆ ಮುನ್ನಡೆಸುವವನು ನಾನು. ‘ಹೊಕು ತಕಿ’ ಎಂದರೆ ನನ್ನನ್ನು ಬೇರೆಯವರು ಮುನ್ನಡೆಸುವುದು. ಕರ್ತೃ ಯಾರು, ಕರ್ಮ ಯಾರು ಎಂಬುದು ಷಷ್ಠಿಯಲ್ಲೇ ಇತ್ಯರ್ಥವಾಗಿಬಿಡುತ್ತದೆ. ಕನ್ನಡದ ‘ನನ್ನ ಆಯ್ಕೆ’ಯಲ್ಲಿ ಆರಿಸಿದವನು ನಾನೋ, ಆರಿಸಿ ಬಂದವನು ನಾನೋ? ಅದನ್ನು ಸಂದರ್ಭವೇ ಹೇಳಬೇಕು. ಈಗ ಹೊಸ ಚೀಟಿ ಬರೆಯುವಾಗ ನಾನು ಮೊದಲು ತುಂಬುವುದು ಇದೇ ಅಂಕಣವನ್ನು.