ಮನೆಯಲ್ಲೇ ಗಿಟಾರ್ ಓವರ್‌ಡ್ರೈವ್ ಪೆಡಲ್: ಕ್ಲಿಪ್ ಆಗುವ ಮುನ್ನವೇ ಬೇಸ್ ಇಳಿಸಿ

ಗಿಟಾರ್ ಸಿಗ್ನಲ್ ಕ್ಲಿಪ್ ಆಗುವ (ಮಿತಿ ಮೀರಿ ಅಲೆಯ ತುದಿಗಳು ಕತ್ತರಿಸಿಹೋಗುವ) ಮುನ್ನವೇ ಅದರ ಬೇಸ್, ಅಂದರೆ ತಗ್ಗಿನ ಸ್ವರ ಇಳಿಸಿದರೆ ಓವರ್‌ಡ್ರೈವ್‌ನ ಒರಟು ದನಿ ಸ್ಪಷ್ಟವಾಗಿ ಕೇಳುತ್ತದೆ. ಹಾಗೇ ಬಿಟ್ಟರೆ ಆರನೇ ತಂತಿಯ ಅಬ್ಬರದಲ್ಲಿ ಕಾರ್ಡ್‌ನ (ಒಟ್ಟಿಗೆ ನುಡಿಸುವ ಸ್ವರಗುಚ್ಛದ) ಉಳಿದ ಸ್ವರಗಳೆಲ್ಲ ಕಲಸಿಹೋಗುತ್ತವೆ. 1979ರಲ್ಲಿ ಜಪಾನಿನಿಂದ ಬಂದ ಐಬನೆಜ್ ಕಂಪನಿಯ ಪೆಡಲ್ ಟ್ಯೂಬ್ ಸ್ಕ್ರೀಮರ್ ಟಿಎಸ್808 ಈ ಕೆಲಸವನ್ನು ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್‌ನಲ್ಲೇ ಮುಗಿಸಿತು. ಕೆಳಗಿನ ಸರ್ಕ್ಯೂಟ್‌ನ ಗೇನ್ ಭಾಗ (ಸಿಗ್ನಲ್ ಹೆಚ್ಚಿಸುವ ಭಾಗ) ಅದರದ್ದೇ. ಟೋನ್ ಭಾಗವನ್ನು ಮಾತ್ರ ಸರಳ ಮಾಡಿದೆ.

ಬೇಕಾಗುವ ಸಾಮಾನು: 4558 ಅಥವಾ ಟಿಎಲ್072 ಐಸಿ, ಅದಕ್ಕೆ 8 ಪಿನ್ ಸಾಕೆಟ್. ಡಯೋಡ್ 1ಎನ್4148 ಎರಡು, 1ಎನ್5817 ಒಂದು. ರೆಸಿಸ್ಟರ್ 4.7ಕೆ ಮತ್ತು 10ಕೆ ಎರಡೆರಡು. 1ಕೆ, 51ಕೆ, 510ಕೆ, 1 ಮೆಗಾಓಮ್ ಒಂದೊಂದು. ಕೆಪ್ಯಾಸಿಟರ್ 51 ಪಿಕೋಫ್ಯಾರಡ್ (47 ಆದರೂ ನಡೆಯುತ್ತದೆ), 22 ನ್ಯಾನೋ ಎರಡು, 47 ನ್ಯಾನೋ, 1 ಮೈಕ್ರೋ, 47 ಮೈಕ್ರೋ, 100 ಮೈಕ್ರೋ. ಪಾಟ್‌ಗಳು (ತಿರುಗಿಸಿ ಬದಲಿಸುವ ರೆಸಿಸ್ಟರ್‌ಗಳು): ಡ್ರೈವ್‌ಗೆ 500ಕೆ ಲಾಗ್, ಟೋನ್‌ಗೆ 10ಕೆ ಲೀನಿಯರ್, ವಾಲ್ಯೂಮ್‌ಗೆ 100ಕೆ ಲಾಗ್. ಇವಲ್ಲದೆ ಮೋನೋ ಜ್ಯಾಕ್ ಎರಡು, ಡಿಸಿ ಜ್ಯಾಕ್, ಎಲ್‌ಇಡಿ, ಒಂಬತ್ತು ಕಾಲಿನ 3ಪಿಡಿಟಿ ಫುಟ್‌ಸ್ವಿಚ್, ಅಲ್ಯೂಮಿನಿಯಂ ಡಬ್ಬಿ. ಬೆಂಗಳೂರಿನವರು ಬಿಡಿಭಾಗಗಳಿಗೆ ಎಸ್‌.ಪಿ. ರೋಡ್ ಸುತ್ತಿದರೆ ಸಾಕು. ಫುಟ್‌ಸ್ವಿಚ್ ಮತ್ತು ಡಬ್ಬಿಯನ್ನು ಆನ್‌ಲೈನ್‌ನಲ್ಲಿ ತರಿಸುವುದು ಸುಲಭ.

ಪವರ್. 9 ವೋಲ್ಟ್ ಅಡಾಪ್ಟರ್, ನಡುವಿನ ಪಿನ್ ಮೈನಸ್. ಪ್ಲಸ್ ತಂತಿ 1ಎನ್5817 ಮೂಲಕವೇ ಬೋರ್ಡ್‌ಗೆ ಬರಲಿ, ಪಟ್ಟಿ ಇರುವ ತುದಿ ಬೋರ್ಡ್ ಕಡೆಗೆ. ಉಲ್ಟಾ ಅಡಾಪ್ಟರ್ ಚುಚ್ಚಿದರೂ ಐಸಿ ಉಳಿಯುತ್ತದೆ. ಡಯೋಡ್ ದಾಟಿದ ಮೇಲೆ ಪ್ಲಸ್‌ನಿಂದ ಗ್ರೌಂಡ್‌ಗೆ 100 ಮೈಕ್ರೋ ಹಾಕಿ. ಪ್ಲಸ್ ಮತ್ತು ಗ್ರೌಂಡ್ ನಡುವೆ ಎರಡು 10ಕೆ ಸಾಲಾಗಿ ಜೋಡಿಸಿದರೆ ಮಧ್ಯದಲ್ಲಿ ಅರ್ಧ ವೋಲ್ಟೇಜ್ ಸಿಗುತ್ತದೆ. ಅಲ್ಲಿಂದ ಗ್ರೌಂಡ್‌ಗೆ 47 ಮೈಕ್ರೋ. ಇದನ್ನು ಬಯಾಸ್ ಎನ್ನೋಣ. ಐಸಿಯ 8ನೇ ಪಿನ್‌ಗೆ ಪ್ಲಸ್, 4ನೇ ಪಿನ್‌ಗೆ ಗ್ರೌಂಡ್.

ಗೇನ್. ಪೆಡಲ್‌ನ ಜೀವ ಇರುವುದು ಇಲ್ಲಿ. ಇನ್‌ಪುಟ್‌ನಿಂದ ಗ್ರೌಂಡ್‌ಗೆ 1 ಮೆಗಾಓಮ್, ಇನ್‌ಪುಟ್‌ನಿಂದ 3ನೇ ಪಿನ್‌ಗೆ 22 ನ್ಯಾನೋ, 3ನೇ ಪಿನ್‌ನಿಂದ ಬಯಾಸ್‌ಗೆ 510ಕೆ. 2ನೇ ಪಿನ್‌ನಿಂದ 4.7ಕೆ, ಅದರ ಬೆನ್ನಿಗೆ 47 ನ್ಯಾನೋ, ನಂತರ ಗ್ರೌಂಡ್. 1 ಮತ್ತು 2ನೇ ಪಿನ್ ನಡುವೆ ಮೂರು ದಾರಿ ಒಟ್ಟಿಗೆ ಬರುತ್ತವೆ: ಸಾಲಾಗಿ 51ಕೆ ಮತ್ತು ಡ್ರೈವ್ ಪಾಟ್, 51 ಪಿಕೋ, ಒಂದಕ್ಕೊಂದು ಉಲ್ಟಾ ದಿಕ್ಕಿನಲ್ಲಿ ಪಕ್ಕಪಕ್ಕ ಜೋಡಿಸಿದ ಎರಡು 1ಎನ್4148.

ಡ್ರೈವ್ ಪೂರ್ತಿ ಇಳಿಸಿದಾಗ ಗೇನ್ ಸುಮಾರು 12, ಪೂರ್ತಿ ಏರಿಸಿದಾಗ ಸುಮಾರು 118. ಆದರೆ 4.7ಕೆ ಮತ್ತು 47 ನ್ಯಾನೋ ಜೋಡಿ 720 ಹರ್ಟ್ಜ್‌ಗಿಂತ ಕೆಳಗೆ ಗೇನ್ ಇಳಿಸುತ್ತಾ ಹೋಗುವುದರಿಂದ ಮಧ್ಯದ ಸ್ವರಗಳೇ ಹೆಚ್ಚು ಕ್ಲಿಪ್ ಆಗುತ್ತವೆ. ಸ್ವರ ತೆಳ್ಳಗೆ ಅನ್ನಿಸಿದರೆ 47ರ ಬದಲು 100 ನ್ಯಾನೋ ಹಾಕಿ. ಆ ಗಡಿ 340 ಹರ್ಟ್ಜ್ ಹತ್ತಿರಕ್ಕೆ ಇಳಿಯುತ್ತದೆ. 100 ನ್ಯಾನೋಗಿಂತ ಮೇಲೆ ಹೋಗುವುದು ಬೇಡ, ಹಂಬಕರ್ (ಎರಡು ಸುರುಳಿಯ) ಪಿಕಪ್‌ನಲ್ಲಿ ರಾಡಿಯಾಗುತ್ತದೆ. 51 ಪಿಕೋ ಡ್ರೈವ್ ಏರಿದಂತೆ ಕಿರಿಕಿರಿಯ ಟ್ರೆಬಲ್ ತೆಗೆಯುತ್ತದೆ. ಡಯೋಡ್‌ಗಳು ಫೀಡ್‌ಬ್ಯಾಕ್‌ನಲ್ಲಿ (1ರಿಂದ 2ನೇ ಪಿನ್‌ಗೆ ಮರಳುವ ದಾರಿಯಲ್ಲಿ) ಇರುವುದರಿಂದ ಕ್ಲಿಪ್ ಆದ ಸಿಗ್ನಲ್ ಜೊತೆಗೆ ಮೂಲ ಸಿಗ್ನಲ್ಲೂ ಸೇರಿ ಹೊರಬರುತ್ತದೆ. ಪಿಕ್‌ನ ಏಟು ಕೈಗೆ ತಕ್ಕಂತೆ ಕೇಳುವುದು ಅದಕ್ಕೇ. ಒಂದು ಬದಿಗೆ ಎರಡು ಡಯೋಡ್ ಸಾಲಾಗಿಟ್ಟರೆ ಬಾಸ್ ಕಂಪನಿಯ ಎಸ್‌ಡಿ-1 ಪೆಡಲ್‌ನ ಮಾದರಿಯ ಅಸಮ ಕ್ಲಿಪ್ಪಿಂಗ್ ಸಿಗುತ್ತದೆ. ಈ ಡಯೋಡ್‌ಗಳ ಬದಲು ಕೆಂಪು ಎಲ್‌ಇಡಿ ಹಾಕಿದರೆ ಸದ್ದು ಜೋರು, ಒರಟುತನ ಕಡಿಮೆ. ಐಸಿ ಬದಲಿಸಿ ಹುಡುಕುವುದಕ್ಕಿಂತ ಡಯೋಡ್ ಬದಲಿಸಿ ಕೇಳಿ, ವ್ಯತ್ಯಾಸ ತಟ್ಟನೆ ತಿಳಿಯುತ್ತದೆ.

ಟೋನ್, ವಾಲ್ಯೂಮ್. 1ನೇ ಪಿನ್‌ನಿಂದ 1ಕೆ, ಆಮೇಲೆ ಟೋನ್ ಪಾಟ್‌ನ ನಡುಗಾಲು ಮತ್ತು ಒಂದು ತುದಿ, ಅಲ್ಲಿಂದ 5ನೇ ಪಿನ್. 5ನೇ ಪಿನ್‌ನಿಂದ ಗ್ರೌಂಡ್‌ಗೆ 22 ನ್ಯಾನೋ. 6 ಮತ್ತು 7ನ್ನು ನೇರ ಸೇರಿಸಿ. 7ರಿಂದ 1 ಮೈಕ್ರೋ ಮೂಲಕ ವಾಲ್ಯೂಮ್ ಪಾಟ್‌ನ ಒಂದು ತುದಿಗೆ. ಇನ್ನೊಂದು ತುದಿ ಗ್ರೌಂಡ್, ನಡುಗಾಲು ಔಟ್‌ಪುಟ್.

ಸ್ವಿಚ್. ಮೊದಲು ಮಲ್ಟಿಮೀಟರ್‌ನ ಬೀಪ್‌ನಲ್ಲಿ ಯಾವ ಕಾಲು ಯಾವುದಕ್ಕೆ ಸೇರುತ್ತದೆ ಎಂದು ನೋಡಿ. 90 ಡಿಗ್ರಿ ತಿರುಗಿಸಿ ಬೆಸೆಯುವುದು ಎಲ್ಲರೂ ಮಾಡುವ ತಪ್ಪು. ನಡುಸಾಲಿಗೆ ಕ್ರಮವಾಗಿ ಇನ್‌ಪುಟ್ ಜ್ಯಾಕ್, ಔಟ್‌ಪುಟ್ ಜ್ಯಾಕ್, ಗ್ರೌಂಡ್. ಒಂದು ಬದಿಗೆ ಅದೇ ಕ್ರಮದಲ್ಲಿ ಬೋರ್ಡ್ ಇನ್‌ಪುಟ್, ಬೋರ್ಡ್ ಔಟ್‌ಪುಟ್, ಎಲ್‌ಇಡಿಯ ಮೈನಸ್. ಇನ್ನೊಂದು ಬದಿಯ ಮೊದಲೆರಡು ಕಾಲನ್ನು ತುಂಡು ತಂತಿಯಿಂದ ಒಂದಕ್ಕೊಂದು ಸೇರಿಸಿ, ಮೂರನೆಯದು ಖಾಲಿ. ಎಲ್‌ಇಡಿಯ ಪ್ಲಸ್‌ಗೆ 4.7ಕೆ ಮೂಲಕ 9 ವೋಲ್ಟ್. ಒಂದು ಕಾಲಿನ ಮೇಲೆ ಮೂರು ಸೆಕೆಂಡಿಗಿಂತ ಹೆಚ್ಚು ಐರನ್ ಇಡಬೇಡಿ, ಒಳಗಿನ ಪ್ಲಾಸ್ಟಿಕ್ ಕರಗುತ್ತದೆ.

ತೊಂದರೆ ಬಂದರೆ. ಮೊದಲು ವೋಲ್ಟೇಜ್ ಅಳೆಯಿರಿ. 8ನೇ ಪಿನ್‌ನಲ್ಲಿ ಸುಮಾರು 8.7 ವೋಲ್ಟ್. ಪಿನ್ 1, 5, 6, 7 ಎಲ್ಲದರಲ್ಲೂ ಸುಮಾರು 4.3 ವೋಲ್ಟ್. 3ನೇ ಪಿನ್ 4.1 ತೋರಿಸಿದರೆ ಗಾಬರಿ ಬೇಡ. 510ಕೆ ಹಿಂದಿರುವ ವೋಲ್ಟೇಜನ್ನು ಮೀಟರೇ ಸ್ವಲ್ಪ ಎಳೆಯುತ್ತದೆ. 1ನೇ ಪಿನ್ 0 ಅಥವಾ 8ರ ಹತ್ತಿರ ನಿಂತಿದ್ದರೆ ಬಯಾಸ್ ತಲುಪಿಲ್ಲ ಅಥವಾ ಫೀಡ್‌ಬ್ಯಾಕ್ ಕಡಿದಿದೆ. ವೋಲ್ಟೇಜ್ ಸರಿ ಇದ್ದೂ ಡ್ರೈವ್ ತಿರುಗಿಸಿದರೆ ಏನೂ ಬದಲಾಗದೆ ಸ್ವಚ್ಛ ಸ್ವರವೇ ಬಂದರೆ 1 ಮತ್ತು 2ನೇ ಪಿನ್ ನಡುವೆ ಬೆಸುಗೆ ಅಂಟಿಕೊಂಡಿರುತ್ತದೆ. ಡ್ರೈವ್ ಏರಿಸಿದಾಗ ಕೀಚಲು ಸದ್ದು ಬಂದರೆ ಇನ್‌ಪುಟ್, ಔಟ್‌ಪುಟ್ ತಂತಿಗಳನ್ನು ದೂರ ಸರಿಸಿ: ಎರಡೂ ಒಂದೇ ಫೇಸ್‌ನಲ್ಲಿರುವುದರಿಂದ ಪಕ್ಕಪಕ್ಕ ಓಡಿದರೆ ಔಟ್‌ಪುಟ್ ಮತ್ತೆ ಇನ್‌ಪುಟ್‌ಗೆ ನುಗ್ಗುತ್ತದೆ. ಇನ್‌ಪುಟ್‌ಗೆ ಶೀಲ್ಡ್ ತಂತಿ ಬಳಸಿ, ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ. ಬೋರ್ಡ್ ಹೊರಗಿದ್ದಾಗ ಹಮ್ ಬರುವುದು ಸಹಜ, ಡಬ್ಬಿಯನ್ನು ಗ್ರೌಂಡ್‌ಗೆ ಸೇರಿಸಿ ಮುಚ್ಚಿದಾಗ ಕಡಿಮೆಯಾಗಬೇಕು. ಮುಚ್ಚಿದ ಕೂಡಲೇ ಸದ್ದೇ ನಿಂತರೆ ಜ್ಯಾಕ್‌ನ ಟಿಪ್ (ಸಿಗ್ನಲ್ ಕಾಲು) ಡಬ್ಬಿಯ ಗೋಡೆಗೋ ಪಾಟ್‌ನ ಬೆನ್ನಿಗೋ ತಾಗುತ್ತಿದೆ. ಜ್ಯಾಕನ್ನು ಸ್ವಲ್ಪ ತಿರುಗಿಸಿ, ಪಾಟ್‌ಗಳ ಬೆನ್ನಿಗೆ ಇನ್ಸುಲೇಷನ್ ಟೇಪ್ ಅಂಟಿಸಿ.