ಬಿದಿರಿನ ಗಾಳದ ಕೋಲು: ಸಡಿಲವಾದ ರೀಲ್ ಸೀಟ್ ಮತ್ತು ಹಿಡಿಯ ರಿಪೇರಿ

ಮನೆಯಲ್ಲೇ ಮಾಡಿದ ಬಿದಿರು ಕೋಲಿನಲ್ಲಿ ಮೊದಲು ಕೈಕೊಡುವುದು ರೀಲ್ ಸೀಟ್, ಅಂದರೆ ಗಾಳದ ದಾರ ಸುತ್ತುವ ರೀಲನ್ನು ಕೋಲಿಗೆ ಹಿಡಿದಿಡುವ ಕೊಳವೆ. ಎಲ್ಲರೂ ಅಂಟನ್ನು ಬೈಯುತ್ತಾರೆ, ಆದರೆ ತಪ್ಪು ಸಾಮಾನ್ಯವಾಗಿ ಅಂಟಿನದಲ್ಲ. ಬಿದಿರಿನ ಹೊರಸಿಪ್ಪೆ ಮೇಣದ ಹಾಗೆ ನುಣುಪು, ಅದರ ಮೇಲೆ ಯಾವ ಅಂಟೂ ಹಿಡಿಯದು. ಹಸಿ ಬಿದಿರು ಬಳಸಿದ್ದರೆ ಒಣಗುತ್ತಾ ಸಣ್ಣಗಾಗಿ ಸೀಟಿನಿಂದ ಬಿಟ್ಟುಕೊಳ್ಳುತ್ತದೆ. ಮೂರನೆಯದು, ಸೀಟಿಗೂ ಕೋಲಿಗೂ ನಡುವಿನ ಜಾಗವನ್ನು ತುಂಬದೇ ಬಿಟ್ಟಿರುವುದು. ಸಂದಿಗೆ ಫೆವಿಕ್ವಿಕ್ ಬಿಟ್ಟರೆ ಪ್ರಯೋಜನವಿಲ್ಲ. ಅದು ಒಂದಕ್ಕೊಂದು ತಾಗಿರುವ ಮೈಗಳನ್ನು ಹಿಡಿಯುತ್ತದೆಯೇ ಹೊರತು ಜಾಗ ತುಂಬುವುದಿಲ್ಲ.

ಬಿಚ್ಚುವ ಮುಂಚೆ ಅಲುಗುತ್ತಿರುವುದು ಯಾವುದೆಂದು ನೋಡಿ. ಒಂದು ಕೈಯಲ್ಲಿ ಸೀಟ್, ಇನ್ನೊಂದರಲ್ಲಿ ರೀಲ್ ಹಿಡಿದು ತಿರುಚಿ. ರೀಲಿನ ಪಾದ ಮಾತ್ರ ಆಡುತ್ತಿದ್ದರೆ ಸೈಕಲ್ ಟ್ಯೂಬಿನ ತೆಳು ಪಟ್ಟಿಯೊಂದನ್ನು ಪಾದದ ಕೆಳಗಿಟ್ಟು ನಟ್ ಬಿಗಿದರೆ ಸಾಕು. ಕಡಲಿಗೆ ಹೋಗುವವರ ನಟ್ಟು ಬಿಗಿಯಾಗದಿದ್ದರೆ ಸೀಟಿನ ತಿರುಪಿನ ಗೆರೆಗಳೊಳಗೆ ಉಪ್ಪು, ಮರಳು ಸೇರಿರುತ್ತದೆ. ಸಿಹಿನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ.

ಸೀಟೇ ಕೋಲಿನ ಮೇಲೆ ತಿರುಗುತ್ತಿದ್ದರೆ ಪೂರ್ತಿ ಬಿಚ್ಚಲೇಬೇಕು. ಮೊದಲು ಹಿಂದಿನ ಹಿಡಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಕೋಲಿನ ಬುಡದ ತೂತನ್ನು ನೀರಿಳಿಯದಂತೆ ಮುಚ್ಚಿ, ಸೀಟಿಗೆ ಬಟ್ಟೆ ಸುತ್ತಿ, ಅದರ ಮೇಲೆ ಕುದಿಯುವ ನೀರನ್ನು ಐದಾರು ನಿಮಿಷ ಸ್ವಲ್ಪಸ್ವಲ್ಪವೇ ಸುರಿಯಿರಿ. ಬಿಸಿಗೆ ಎಪಾಕ್ಸಿ (ಅರಾಲ್ಡೈಟ್‌ನಂಥ, ಎರಡು ಭಾಗ ಕಲಸಿ ಬಳಸುವ ಅಂಟು) ಮೆತ್ತಗಾಗುತ್ತದೆ, ಆಗ ತಿರುಚಿ ಎಳೆಯಬಹುದು. ಬೆಂಕಿಗೆ ಹಿಡಿಯಬೇಡಿ, ಬಿದಿರು ಸುಟ್ಟ ಕಡೆಯೇ ಮುಂದೆ ಮುರಿಯುತ್ತದೆ.

ಈಗ ಮುಖ್ಯ ಕೆಲಸ. ಸೀಟ್ ಕೂರುವಷ್ಟು ಉದ್ದ ಹಸಿರು ಅಥವಾ ಹಳದಿ ಸಿಪ್ಪೆಯನ್ನು ಚಾಕುವಿನಿಂದ ಹೆರೆದು, 80 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ. ಗಿಣ್ಣು ಎದ್ದಿದ್ದರೆ ಅದನ್ನಷ್ಟೇ ಸಮ ಮಾಡಿ, ಜಾಸ್ತಿ ತೆಗೆಯಬೇಡಿ. ಸೀಟಿನ ಒಳಮೈಯನ್ನೂ ಉಜ್ಜಿ, ಎರಡನ್ನೂ ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ. ಬಿದಿರಿನಲ್ಲಿ ಬಿರುಕಿದ್ದು ಅದು ಸೀಟಿನಿಂದಾಚೆ ತುದಿಯ ಕಡೆಗೆ ಸಾಗಿದ್ದರೆ ಆ ಕೋಲಿನ ಮೇಲೆ ದುಡಿಯುವುದು ವ್ಯರ್ಥ.

ಸೀಟಿನ ಒಳವ್ಯಾಸ 18 ಮಿ.ಮೀ., ಕೋಲು 15 ಮಿ.ಮೀ. ಇದ್ದರೆ ಸುತ್ತಲೂ ಒಂದೂವರೆ ಮಿ.ಮೀ. ಜಾಗ ಉಳಿಯುತ್ತದೆ. ಇದಕ್ಕೆ ಮಾಸ್ಕಿಂಗ್ ಟೇಪ್ ಸುತ್ತುವವರೇ ಹೆಚ್ಚು. ಫೈಬರ್ ಕೋಲಿಗೆ ಅದು ನಡೆಯುತ್ತದೆ, ಬಿದಿರಿಗೆ ಹತ್ತಿ ದಾರವೇ ಮೇಲು: ಟೇಪಿನ ಅಂಚಿನಿಂದ ನೀರು ಒಳಗಿಳಿದು ಕಾಗದ ಕೊಳೆಯುತ್ತದೆ, ದಾರ ಅಂಟನ್ನು ಹೀರಿ ಗಟ್ಟಿಯಾಗುತ್ತದೆ. ಸುಮಾರು 8 ಮಿ.ಮೀ. ಅಗಲದ ಮೂರು ಪಟ್ಟಿ ಸುತ್ತಿ, ನಡುವೆ ಖಾಲಿ ಬಿಡಿ. ಪೂರ್ತಿ ಮುಚ್ಚಿದರೆ ಅಂಟಿಗೆ ಹೋಗಲು ದಾರಿಯಿರುವುದಿಲ್ಲ. ಒಣ ಸೀಟ್ ಕೈಯಿಂದ ಒತ್ತಿದಾಗ ತುಸು ಬಿಗಿಯಾಗಿ ಜಾರಬೇಕು.

ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ತೆಗೆದುಕೊಳ್ಳಿ, ಐದು ನಿಮಿಷದ್ದು ಬೇಡ. ಸೀಟ್ ನೇರ ಮಾಡುವಷ್ಟರಲ್ಲೇ ಅದು ಕಲ್ಲಾಗಿರುತ್ತದೆ. ರಾಳ ಮತ್ತು ಹಾರ್ಡನರ್ ಸಮ ಪ್ರಮಾಣದಲ್ಲಿ ಎರಡು ನಿಮಿಷ ಕಲಸಿ. ಸೀಟಿನ ತಿರುಪಿನ ಗೆರೆಗಳಿಗೆ ಮೊದಲೇ ಮೇಣ ಹಚ್ಚಿಟ್ಟರೆ ಅಲ್ಲಿ ಅಂಟು ಹಿಡಿಯದು. ದಾರದ ಮೇಲೆ, ಖಾಲಿ ಜಾಗದಲ್ಲಿ, ಸೀಟಿನ ಒಳಗೆ ಹಚ್ಚಿ, ತಿರುಗಿಸುತ್ತಲೇ ದೂಡಿ. ಹೊರಬಂದ ಅಂಟನ್ನು ಸ್ಪಿರಿಟ್ ಬಟ್ಟೆಯಿಂದ ತಕ್ಷಣ ಒರೆಸಿ.

ಕೂಡಲೇ ರೀಲ್ ಹಾಕಿ, ಬುಡದಿಂದ ಒಂದೇ ಕಣ್ಣಲ್ಲಿ ತುದಿಯವರೆಗೆ ನೋಡಿ. ರೀಲಿನ ಪಾದ ಮತ್ತು ದಾರ ಹಾಯುವ ಬಳೆಗಳಾದ ಎಲ್ಲ ಗೈಡ್‌ಗಳು ಒಂದೇ ಸಾಲಿನಲ್ಲಿರಬೇಕು. ಕೋಲನ್ನು ಮಲಗಿಸಿಟ್ಟು, ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ, ಏಕೆಂದರೆ ರೀಲಿನ ಭಾರಕ್ಕೆ ಸೀಟ್ ಮೆಲ್ಲಗೆ ತಿರುಗುವುದುಂಟು. ಆಮೇಲೆ 24 ಗಂಟೆ ಮುಟ್ಟಬೇಡಿ.

ಹಿಡಿ ಸುಲಭ. ಸೀಟಿನಿಂದ ಬುಡಕ್ಕೆ ನಿಮ್ಮ ಮುಂಗೈಯಷ್ಟು ಉದ್ದವಿದ್ದರೆ ಸಾಕು. ಕೋಲಿಗಿಂತ ತೂತು ಒಂದೆರಡು ಮಿ.ಮೀ. ಚಿಕ್ಕದಿರುವ ಇವಿಎ ಫೋಮ್ (ಮೆತ್ತನೆಯ ಸ್ಪಂಜಿನಂಥ ಹಿಡಿ) ಆರಿಸಿ. ಹಸಿ ಅಂಟೇ ಅದನ್ನು ಜಾರಿಸುತ್ತದೆ. ಫೋಮ್ ಸಿಗದಿದ್ದರೆ ಬ್ಯಾಡ್ಮಿಂಟನ್ ಗ್ರಿಪ್ ಸುತ್ತಿ, ಬುಡದಿಂದ ಶುರುಮಾಡಿ ಸೀಟಿನ ಕಡೆಗೆ. ಬುಡಕ್ಕೆ ಊರುಗೋಲಿನ ರಬ್ಬರ್ ಬೂಟು ಅಂಟಿಸಿದರೆ ಬಿದಿರಿನ ಪೊಳ್ಳಿಗೆ ನೀರಿಳಿಯುವುದೂ ತಪ್ಪುತ್ತದೆ.